ಮಾನಸಿಕ ಆಸ್ಪತ್ರೆಯಿಂದ ವರ್ಗಾವಣೆ, ಬಿಡುಗಡೆ: ಏನನ್ನು ಕೇಳಿ ಪಡೆಯಬೇಕು?

ಪ್ರಶ್ನೆ: ನನ್ನ ತಮ್ಮ ಎರಡು ವರ್ಷದಿಂದ ಮಾನಸಿಕ ಆಸ್ಪತ್ರೆಯಲ್ಲಿದ್ದಾನೆ. ಅವನ ನಾಮನಿರ್ದೇಶಿತ ಪ್ರತಿನಿಧಿ (ಚಿಕಿತ್ಸೆಯ ತೀರ್ಮಾನಗಳಲ್ಲಿ ಅವನಿಗೆ ನೆರವಾಗಲು ಕಾಯ್ದೆಯಡಿ ನೇಮಕವಾದ ವ್ಯಕ್ತಿ) ನಾನೇ. ‘ಮುಂದಿನ ವಾರ ಬೇರೆ ಆಸ್ಪತ್ರೆಗೆ ಕಳಿಸುತ್ತೇವೆ, ಇಲ್ಲವೇ ಮನೆಗೆ ಕರೆದುಕೊಂಡು ಹೋಗಿ’ ಎನ್ನುತ್ತಿದ್ದಾರೆ. ಕಾರಣ ಹೇಳುತ್ತಿಲ್ಲ. ಹೀಗೆ ಮಾಡಬಹುದೇ?

ಉತ್ತರ: ಕಾರಣ ಹೇಳದೆ ಕಳಿಸುವಂತಿಲ್ಲ. ಮೊದಲು ಕೇಸ್ ಶೀಟ್‌ನಲ್ಲಿ ದಾಖಲಾತಿ ಯಾವ ಸೆಕ್ಷನ್ ಅಡಿ ಆಗಿದೆ ಎಂದು ನೋಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ 86 ಎಂದರೆ ಸ್ವಇಚ್ಛೆಯ ದಾಖಲಾತಿ. ಹಾಗಿದ್ದರೆ ನಿಮ್ಮ ತಮ್ಮ ಒಪ್ಪದೆ ವರ್ಗಾವಣೆಯ ಮಾತೇ ಇಲ್ಲ. 89 ಅಥವಾ 90 (ಪ್ರತಿನಿಧಿಯ ಅರ್ಜಿಯ ಮೇಲೆ ಆದ ದಾಖಲಾತಿ) ಆಗಿದ್ದರೆ, ವರ್ಗಾಯಿಸುವ ಮೊದಲು ಕಾರಣವನ್ನು ಅವರಿಗೂ ನಿಮಗೂ ತಿಳಿಸಲೇಬೇಕೆಂದು 93ನೇ ಸೆಕ್ಷನ್ ಹೇಳುತ್ತದೆ. ಬೇರೆ ರಾಜ್ಯಕ್ಕಾದರೆ ಕೇಂದ್ರ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಕಾರಣವನ್ನು ಬರಹದಲ್ಲೇ ಕೇಳಿ. ವಾರ್ಡಿನಲ್ಲಿ ಬಾಯಿಮಾತಿಗೆ ಹೇಳಿದ್ದನ್ನು ನಾಳೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ಮನೆಗೆ ಕರೆತರುವುದಾದರೆ 98ನೇ ಸೆಕ್ಷನ್ ನಿಮ್ಮ ಬೆಂಬಲಕ್ಕಿದೆ. ಈಗಿನ ಮನೋವೈದ್ಯರು ನಿಮ್ಮ ತಮ್ಮನ ಜೊತೆ, ನಿಮ್ಮ ಜೊತೆ, ಮುಂದೆ ನೋಡಿಕೊಳ್ಳಲಿರುವ ವೈದ್ಯರ ಜೊತೆ ಕೂತು ಮುಂದಿನ ಚಿಕಿತ್ಸೆಯನ್ನು ನಿರ್ಧರಿಸಬೇಕು. ಈ ಮಾತುಕತೆ ಆಗುವ ತನಕ ದಿನಾಂಕಕ್ಕೆ ಒಪ್ಪಬೇಡಿ. ಅಲ್ಲಿ ಮೊದಲು ಮಾತಾಡಬೇಕಾದವರು ನಿಮ್ಮ ತಮ್ಮ. ಅವರನ್ನು ಹೊರಗೆ ಕೂರಿಸಿ ಮಾಡಿದ ಯೋಜನೆ ಹೆಚ್ಚು ದಿನ ನಡೆಯುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೂ, ಮನೆಯವರು ಒಪ್ಪುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅವರನ್ನು ಆಸ್ಪತ್ರೆಯಲ್ಲೇ ಉಳಿಸುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿಲ್ಲ.

ಹೆಚ್ಚಿನವರು ಎಡವುವುದು ಔಷಧಿಯಲ್ಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಪ್ರತಿ ಮಾತ್ರೆಯ ಪ್ರಮಾಣ, ಹೊತ್ತು, ಕೊನೆಯ ಡೋಸ್ ಕೊಟ್ಟ ಸಮಯ, ನಿಲ್ಲಿಸಿದ ಔಷಧಿ ಮತ್ತು ನಿಲ್ಲಿಸಿದ ಕಾರಣ ಇರಬೇಕು. ತಿಂಗಳ ಇಂಜೆಕ್ಷನ್ ಇದ್ದರೆ ಮುಂದಿನ ತಾರೀಖು ಬರೆಸಿ. ಕ್ಲೋಜಪಿನ್ ಎಂಬ ಮನೋರೋಗದ ಔಷಧಿ ತೆಗೆದುಕೊಳ್ಳುತ್ತಿದ್ದರೆ ವಿಶೇಷ ಎಚ್ಚರ ಬೇಕು: 48 ಗಂಟೆ ಅಥವಾ ಹೆಚ್ಚು ಹೊತ್ತು ತಪ್ಪಿದರೆ ಹಳೆಯ ಪ್ರಮಾಣವನ್ನು ನೇರವಾಗಿ ಕೊಡಬಾರದು. ವೈದ್ಯರು ಮತ್ತೆ 12.5 ಮಿಲಿಗ್ರಾಂನಿಂದ ಆರಂಭಿಸುತ್ತಾರೆ, ಇಲ್ಲವಾದರೆ ರಕ್ತದೊತ್ತಡ ಕುಸಿಯಬಹುದು. ಆದ್ದರಿಂದ ಮುಂದಿನ ಭೇಟಿಯ ತನಕ ಸಾಕಾಗುವಷ್ಟು, ಮೇಲೆ ಕೆಲವು ದಿನಕ್ಕೆ ಹೆಚ್ಚುವರಿ ಮಾತ್ರೆ ಕೈಗೆ ಬಂದ ಮೇಲೇ ಹೊರಡಿ.

ಮಾತು ನಡೆಯದಿದ್ದರೆ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಅಲ್ಲೂ ಆಗದಿದ್ದರೆ ಇಂಥ ದೂರುಗಳನ್ನು ವಿಚಾರಿಸಲು ಇದೇ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಿ. ಶುಲ್ಕವಿಲ್ಲ. ಹೆಸರು, ಸಂಪರ್ಕ, ಆಸ್ಪತ್ರೆ, ಯಾವ ಹಕ್ಕಿಗೆ ಧಕ್ಕೆಯಾಯಿತು, ಏನು ಪರಿಹಾರ ಬೇಕು, ಇಷ್ಟು ಬರೆದರೆ ಸಾಕು. ಆಸ್ಪತ್ರೆಯಲ್ಲಿರುವ ನಿಮ್ಮ ತಮ್ಮನೇ ಅರ್ಜಿ ಸಲ್ಲಿಸಬಹುದು. ವಿಶೇಷ ಸಂದರ್ಭದಲ್ಲಿ ಫೋನಿನಲ್ಲಿ ಹೇಳಿದ್ದನ್ನೂ ಮಂಡಳಿ ಅರ್ಜಿಯಾಗಿ ಸ್ವೀಕರಿಸಬಹುದು. ಅದರ ತೀರ್ಮಾನ ಸರಿಯೆನಿಸದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬೇಕು.