ಪದೇ ಪದೇ ಉಳುಕುವ ಕಾಲಿಗೆ ಕೀಹೋಲ್ ಸರ್ಜರಿ ಬೇಕೇ?

ಪ್ರಶ್ನೆ: ನನಗೆ 27 ವರ್ಷ. ಮೂರು ವರ್ಷದ ಹಿಂದೆ ವಾಲಿಬಾಲ್ ಆಡುವಾಗ ಬಲಗಾಲು ಉಳುಕಿತ್ತು. ಎಣ್ಣೆ ಹಚ್ಚಿ ನೀವಿಸಿಕೊಂಡೆ, ಹದಿನೈದು ದಿನಕ್ಕೆ ಓಡಾಡಿದೆ. ಈಗ ಹೊಲದ ಬದುವಿನ ಮೇಲೆ ನಡೆದರೂ ಪಾದ ಒಳಕ್ಕೆ ಮಡಚಿಕೊಳ್ಳುತ್ತದೆ. ವೈದ್ಯರು ಎಂಆರ್‌ಐ ನೋಡಿ ಕೀಹೋಲ್ ಸರ್ಜರಿ ಹೇಳಿದ್ದಾರೆ. ಗಾಯ ಸಣ್ಣದಾದರೆ ಬೇಗ ಗುಣವಾಗುತ್ತದೆಯೇ? ಮತ್ತೆ ಆಡಬಹುದೇ?

ಉತ್ತರ: ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಈ ಮೂರು ವರ್ಷದಲ್ಲಿ ಸರಿಯಾದ ಫಿಸಿಯೋಥೆರಪಿ ಮಾಡಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಪಾದ ಒಳಕ್ಕೆ ಹೊರಳಿದಾಗ ಹೊರಗಿನ ಗಿಣ್ಣಿನ ಮುಂದಿರುವ ಲಿಗಮೆಂಟ್ (ಎಲುಬಿಗೆ ಎಲುಬನ್ನು ಬಿಗಿದಿಡುವ ಪಟ್ಟಿ) ಮೊದಲು ಹರಿಯುತ್ತದೆ. ಅದು ಸಡಿಲವಾಗಿಯೇ ಕೂಡಿಕೊಂಡರೆ ಕೀಲಿಗೆ ಹಿಡಿತ ಸಾಲದು. ಜೊತೆಗೆ ಪಾದ ಹೊರಳುತ್ತಿದೆ ಎಂಬ ಎಚ್ಚರವೂ ಸ್ನಾಯುಗಳಿಗೆ ತಡವಾಗಿ ಮುಟ್ಟುತ್ತದೆ. ಈ ಎರಡನೆಯ ದೋಷವನ್ನು ಯಾವ ಸರ್ಜರಿಯೂ ಹೊಲಿಯಲಾರದು. ಒಂಟಿ ಕಾಲಲ್ಲಿ ನಿಲ್ಲುವುದು, ಬ್ಯಾಲೆನ್ಸ್ ಬೋರ್ಡ್ ಎಂಬ ಅಲುಗಾಡುವ ಹಲಗೆಯ ಮೇಲೆ ನಿಲ್ಲುವುದು, ಕಾಲಿನ ಹೊರಬದಿಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಇವನ್ನು ಮೂರರಿಂದ ಆರು ತಿಂಗಳು ಬಿಡದೆ ಮಾಡಿ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ.

ಅದಾದ ಮೇಲೂ ಕಾಲು ಜಾರಿದರೆ ಸರ್ಜರಿಗೆ ನಾನೂ ಹೂಂ ಎನ್ನುತ್ತೇನೆ. ಸ್ವೀಡನ್ನಿನ ಸರ್ಜನ್ ಬ್ರೋಸ್ಟ್ರೋಮ್ 1966ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ಇದಕ್ಕೆ ಬುನಾದಿ: ಸಡಿಲವಾದ ಲಿಗಮೆಂಟನ್ನು ಬಿಗಿಮಾಡಿ ಮತ್ತೆ ಎಲುಬಿಗೆ ಕೂಡಿಸುವುದು. ಕೀಹೋಲ್‌ನಲ್ಲಿ ಪುಟ್ಟ ತೂತುಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣ ತೂರಿಸಿ, ಎಲುಬಿನೊಳಗೆ ದಾರ ಕಟ್ಟಿದ ಸಣ್ಣ ಮೊಳೆಯಂಥ ‘ಆ್ಯಂಕರ್’ ಕೂರಿಸಿ, ಆ ದಾರದಿಂದ ಲಿಗಮೆಂಟನ್ನು ಎಳೆದು ಕಟ್ಟುತ್ತಾರೆ. ಇದರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಗಾಯದ ಅಳತೆಯಲ್ಲ. ಕೀಲಿನೊಳಗೆ ಎಲುಬಿನ ತುದಿಗಳನ್ನು ಮುಚ್ಚಿರುವ ನುಣುಪಾದ ಕಾರ್ಟಿಲೇಜ್ ಸವೆದಿದೆಯೇ ಎಂದು ಕಣ್ಣಾರೆ ನೋಡಿ ಅಲ್ಲೇ ಚಿಕಿತ್ಸೆ ಮಾಡಬಹುದು. ಪದೇ ಪದೇ ಉಳುಕಿದ ಕಾಲಿನಲ್ಲಿ ಇಂಥ ಹಾನಿ ಅಪರೂಪವಲ್ಲ.

ಎಲ್ಲರಿಗೂ ಇದು ಹೊಂದುವುದಿಲ್ಲ. ಹಿಮ್ಮಡಿ ಒಳಕ್ಕೆ ವಾಲಿದ್ದರೆ ಅದನ್ನೂ ಸರಿಪಡಿಸಬೇಕು. ಮೈಯ ಕೀಲುಗಳೆಲ್ಲ ಸಹಜವಾಗಿಯೇ ಸಡಿಲವಿದ್ದರೆ ಅಥವಾ ಲಿಗಮೆಂಟ್ ತೀರಾ ನಶಿಸಿದ್ದರೆ ಬೇರೆಡೆಯ ಸ್ನಾಯುರಜ್ಜು ತಂದು ಕಟ್ಟಬೇಕಾದೀತು. ತೂತು ಹಾಕುವ ಜಾಗದ ಹತ್ತಿರವೇ ಚರ್ಮದ ನರ ಹಾದುಹೋಗುವುದರಿಂದ ಕೆಲವರಿಗೆ ಪಾದದ ಮೇಲ್ಭಾಗ ಜೋಮು ಹಿಡಿಯುವುದುಂಟು.

ಬೇಗ ಗುಣವಾಗುವ ಮಾತಿಗೆ ಬಂದರೆ, ಚರ್ಮ ಬೇಗ ಮಾಯುತ್ತದೆ, ಊತ ನೋವೂ ಕಡಿಮೆ. ಆದರೆ ಲಿಗಮೆಂಟ್ ಎಲುಬಿಗೆ ಬೆಸೆದುಕೊಳ್ಳಲು ತೂತು ಸಣ್ಣದೋ ದೊಡ್ಡದೋ ಎಂಬುದು ಲೆಕ್ಕಕ್ಕಿಲ್ಲ. ಸುಮಾರು ಆರು ವಾರ ಪಾದ ಅಲುಗದಂತೆ ಹಿಡಿಯುವ ಬೂಟು, ಆಮೇಲೆ ಗಿಣ್ಣಿಗೆ ಆಸರೆ ಕೊಡುವ ಬ್ರೇಸ್, ಮತ್ತೆ ಅದೇ ಫಿಸಿಯೋಥೆರಪಿ. ಹೆಚ್ಚಿನವರು ಮೂರು-ನಾಲ್ಕು ತಿಂಗಳ ನಂತರ ನಿಧಾನವಾಗಿ ಆಟಕ್ಕೆ ಮರಳುತ್ತಾರೆ, ನೀವೂ ಮರಳಬಹುದು. ನಿಮ್ಮದು ಬಲಗಾಲು, ಬೈಕಿನ ಹಿಂಬ್ರೇಕ್ ಒತ್ತುವ ಕಾಲು. ಬೂಟು ಇರುವಷ್ಟು ದಿನ ಗಾಡಿ ಓಡಿಸುವಂತಿಲ್ಲ. ಬಿತ್ತನೆ, ಕೊಯ್ಲಿನ ದಿನಗಳನ್ನು ನೋಡಿಕೊಂಡೇ ಸರ್ಜರಿಯ ತಾರೀಖು ಗೊತ್ತುಮಾಡಿ.