ಗೇಟಿಗೆ ಬೀಗ, ಬೇಲಿಯಲ್ಲಿ ಕಂಡಿ

ಪೊನ್ನಂಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರು ಬರೆದಿದ್ದಾರೆ: "ನಮ್ಮೂರ ರಸ್ತೆಗೆ ಮೇ ಕೊನೆಯಲ್ಲಿ ಡಾಂಬರು ಹಾಕಿದರು. ಕಕ್ಕಡ ಮುಗಿಯುವ ಮೊದಲೇ ಜಲ್ಲಿ ಎದ್ದು ಬಂತು. ಕೇಳಿದರೆ, ಟೆಂಡರ್ ಆನ್‌ಲೈನಿನಲ್ಲೇ ಆಗಿದೆ, ಯಾರೂ ಕೈಯಾಡಿಸಲು ಆಗುವುದಿಲ್ಲ ಅನ್ನುತ್ತಾರೆ. ಹಾಗಾದರೆ ದುಡ್ಡು ಹೋಗುವುದೆಲ್ಲಿ? ದೊಡ್ಡ ಕಂಪನಿಗಳು ಪಕ್ಷಗಳಿಗೆ ಕೊಡುವ ದೇಣಿಗೆಗೂ ಇದಕ್ಕೂ ಸಂಬಂಧ ಉಂಟಾ? ನಮ್ಮಂಥವರು ಏನು ಮಾಡಬಹುದು?"

ಸಂಪಾದಕರ ಉತ್ತರ:

ಮಾನ್ಯರೇ, ಆನ್‌ಲೈನ್ ಟೆಂಡರ್ ಎಂಬುದು ಸುಳ್ಳಲ್ಲ. ಲಕೋಟೆ ಹಾಕಲು ಬಂದವರನ್ನು ಕಚೇರಿ ಬಾಗಿಲಲ್ಲೇ ಬೆದರಿಸಿ ಓಡಿಸುವ ಆಟ ಅದರಿಂದ ಕಷ್ಟವಾಗಿದೆ. ಅದು ಸಣ್ಣ ಲಾಭವಲ್ಲ. ಆದರೆ ಕೆಟಿಪಿಪಿ ಎಂದು ಕಚೇರಿಗಳಲ್ಲಿ ಕರೆಯುವ 1999ರ ಪಾರದರ್ಶಕತೆ ಕಾಯ್ದೆ ಮುಖ್ಯವಾಗಿ ಕಾಯುವುದು ಟೆಂಡರ್ ಪ್ರಕಟಣೆಯಿಂದ ಗುತ್ತಿಗೆ ಕೈಸೇರುವವರೆಗಿನ ಹಾದಿಯನ್ನು. ದುಡ್ಡು ಸೋರುವುದು ಅದಕ್ಕೆ ಮುಂಚೆ ಮತ್ತು ಅದಾದ ಮೇಲೆ. ತೋಟದ ಗೇಟಿಗೆ ಬೀಗ ಜಡಿದು ಬೇಲಿ ಬಿಟ್ಟರೆ ಆನೆ ಗೇಟಿನಿಂದಲೇ ಬರಬೇಕೆಂದೇನಿಲ್ಲವಲ್ಲ.

ಮೊದಲ ಕಂಡಿ ಅಂದಾಜು ಪಟ್ಟಿ. ನಮ್ಮ ಗುಡ್ಡಗಳಲ್ಲಿ ರಸ್ತೆ ಅಗಲ ಮಾಡಬೇಕಾದರೆ ಮಣ್ಣು ಕಡಿಯಬೇಕು. ಮೆದು ಮಣ್ಣಿಗೆ ಒಂದು ದರ, ಗಟ್ಟಿ ಬಂಡೆಗೆ ಅದರ ಹಲವು ಪಟ್ಟು. ನೂರು ಘನ ಮೀಟರ್ ಮಣ್ಣನ್ನು ಬಂಡೆ ಎಂದು ಬರೆದು, ಕಡಿದದ್ದನ್ನು ಕಣಿವೆಗೆ ತಳ್ಳಿಬಿಟ್ಟರೆ ಆಮೇಲೆ ಅಳೆದು ನೋಡುವವರಾರು? ಜಲ್ಲಿ ಸಾಗಣೆಯ ದೂರವೂ ಹಾಗೆಯೇ. ಕ್ರಷರ್ ಹತ್ತಿರದಲ್ಲಿದ್ದರೂ ದೂರದ್ದನ್ನು ತೋರಿಸಿದರೆ ಪ್ರತಿ ಲೋಡಿಗೂ ಬಾಡಿಗೆ ಬೆಳೆಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಐಟಂವಾರು ದರ ನಮೂದಿಸುವ ಟೆಂಡರಿನಲ್ಲಿ, ಮುಂದೆ ಯಾವ ಐಟಂ ಹಿಗ್ಗಲಿದೆ, ಯಾವುದನ್ನು ಕೈಬಿಡಲಿದ್ದಾರೆ ಎಂದು ಒಳಗಿನಿಂದ ಗೊತ್ತಾದ ಗುತ್ತಿಗೆದಾರ ಹಿಗ್ಗುವುದಕ್ಕೆ ಹೆಚ್ಚು ದರ, ಉಳಿದದ್ದಕ್ಕೆ ತೀರಾ ಕಡಿಮೆ ದರ ಹಾಕುತ್ತಾನೆ. ಕಾಗದದಲ್ಲಿ ಅವನದೇ ಕನಿಷ್ಠ ಬಿಡ್. ಬಿಲ್ ಮುಗಿಯುವಾಗ ಅವನದೇ ದುಬಾರಿ.

ಎರಡನೆಯದು ಅರ್ಹತಾ ಷರತ್ತು. ಇಷ್ಟು ಕಿಲೋಮೀಟರ್ ಒಳಗೆ ಸ್ವಂತ ಹಾಟ್ ಮಿಕ್ಸ್ ಪ್ಲಾಂಟ್ ಇರಬೇಕು ಎಂಬ ಸಾಲು ಮೇಲ್ನೋಟಕ್ಕೆ ನ್ಯಾಯವೇ. ಡಾಂಬರು ಮಿಶ್ರಣ ದಾರಿಯಲ್ಲಿ ಆರಿದರೆ ರೋಲರ್‌ಗೆ ಬಗ್ಗುವುದಿಲ್ಲ. ಆದರೆ ಆ ದೂರದೊಳಗೆ ಪ್ಲಾಂಟ್ ಇರುವುದು ಒಬ್ಬನಿಗೆ ಮಾತ್ರ ಎಂದಾದರೆ ಟೆಂಡರ್ ಅಲ್ಲಿಗೇ ಮುಗಿಯಿತು. ಹತ್ತಾರು ಹಳ್ಳಿ ರಸ್ತೆಗಳನ್ನು ಒಂದೇ ಪ್ಯಾಕೇಜ್ ಮಾಡುವುದೂ ಇದೇ ಜಾತಿ. ಸ್ಥಳೀಯ ಸಣ್ಣ ಗುತ್ತಿಗೆದಾರ ವಹಿವಾಟಿನ ಷರತ್ತಿನಲ್ಲೇ ಬಿದ್ದುಹೋಗುತ್ತಾನೆ. ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಇರುವ ಶೇ. 24.1ರ ಮೀಸಲಾತಿಗೆ ಮೊತ್ತದ ಮಿತಿ ಇದೆ (2023ರಲ್ಲಿ ಅದನ್ನು 50 ಲಕ್ಷದಿಂದ 1 ಕೋಟಿಗೆ ಏರಿಸಿದರು). ಪ್ಯಾಕೇಜ್ ದೊಡ್ಡದಾದರೆ ಆ ಬಾಗಿಲೂ ಮುಚ್ಚುತ್ತದೆ. ಇದರ ಉಲ್ಟಾ ಆಟ, ಟೆಂಡರನ್ನೇ ತಪ್ಪಿಸಲು ಕೆಲಸವನ್ನು 5 ಲಕ್ಷದ ಒಳಗಿನ ತುಂಡುಗಳಾಗಿ ಕತ್ತರಿಸುವುದು. ಕೆಟಿಪಿಪಿ ಕಾಯ್ದೆಯ 4(ಜಿ) ಕಲಮಿನಡಿ ಸರ್ಕಾರ ವಿನಾಯಿತಿ ಕೊಟ್ಟು ಟೆಂಡರ್ ಇಲ್ಲದೆಯೇ ಕೆಲಸ ವಹಿಸುವ ದಾರಿ ಬೇರೆ ಇದೆ. 'ಅಲ್ಪಾವಧಿ ಟೆಂಡರ್' ಎಂಬ ಪದ ಕಂಡರೆ ಅವಧಿ ಮೊಟಕುಗೊಳಿಸಲು ಮೇಲಧಿಕಾರಿ ಲಿಖಿತವಾಗಿ ಕೊಟ್ಟ ಕಾರಣವನ್ನು ಕೇಳಿ. ನಿಯಮದ ಪ್ರಕಾರ ಅದು ಕಡತದಲ್ಲಿ ಇರಲೇಬೇಕು.

ಇನ್ನು ನಿಮ್ಮ ರಸ್ತೆ. 3.75 ಮೀಟರ್ ಅಗಲದ ಒಂದು ಕಿಲೋಮೀಟರ್‌ಗೆ 30 ಮಿ.ಮೀ. ಪದರ ಎಂದು ಬರೆದು 25 ಹಾಕಿದರು ಎಂದಿಟ್ಟುಕೊಳ್ಳಿ. ಐದು ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ. ಲೆಕ್ಕ ಹಾಕಿದರೆ 18.75 ಘನ ಮೀಟರ್, ಸುಮಾರು 43 ಟನ್. ಹತ್ತು ಟನ್ನಿನ ನಾಲ್ಕು ಲೋಡು ಸ್ಥಳಕ್ಕೆ ಬರದೆಯೇ ಅಳತೆ ಪುಸ್ತಕಕ್ಕೆ ಬಂದಿರುತ್ತದೆ. ಮಾಡಿದ ಕೆಲಸವನ್ನು ಅಳೆದು ಬರೆದಿಡುವ ಆ ಪುಸ್ತಕವೇ, ಅಂದರೆ ಎಂ.ಬಿ.ಯೇ (ಮೆಷರ್‌ಮೆಂಟ್ ಬುಕ್), ಮೂರನೆಯ ಕಂಡಿ. ತಡೆಗೋಡೆಯಲ್ಲಿ ಕಳ್ಳತನ ಇನ್ನೂ ಸಲೀಸು, ಏಕೆಂದರೆ ಅರ್ಧ ಕೆಲಸ ಗೋಡೆಯ ಹಿಂದೆ ಇರುತ್ತದೆ. ಹಿಂಬದಿಗೆ ಜಲ್ಲಿಯ ಸೋಸು ಪದರ ಬೇಕು, ಮೀಟರಿಗೊಂದರಂತೆ ನೀರು ಹೊರಹೋಗುವ ಪೈಪು ಬೇಕು. ಜಲ್ಲಿ ಬದಲು ಅಗೆದ ಮಣ್ಣನ್ನೇ ತುಂಬಿದರೆ ಪೈಪು ಕಟ್ಟುತ್ತದೆ, ಜುಲೈ ಮಳೆಯ ನೀರೆಲ್ಲ ಗೋಡೆಯನ್ನು ಹಿಂದಿನಿಂದ ದೂಡುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಆಗ 'ಪ್ರಕೃತಿ ವಿಕೋಪ' ಎಂಬ ಷರಾ, ಮತ್ತೊಂದು ಅಂದಾಜು. ಮಳೆಯ ದಿನ ಹೋಗಿ ನೋಡಿ. ಹಿಂದಿನ ಗುಡ್ಡ ತೊಯ್ದು ಜೌಗಾಗಿದ್ದರೂ ಪೈಪುಗಳಿಂದ ಹನಿಯೂ ಬರುತ್ತಿಲ್ಲ ಎಂದರೆ ಅನುಮಾನಕ್ಕೆ ಅಷ್ಟು ಸಾಕು.

ಇಷ್ಟೆಲ್ಲ ಗುತ್ತಿಗೆದಾರನೊಬ್ಬನ ದುರಾಸೆಯಿಂದಲೇ ಆಗುತ್ತದೆ ಅನ್ನುವುದು ಅನ್ಯಾಯ. ಮಾಡಿದ ಕೆಲಸದ ಬಿಲ್ ಹಣ ಬಿಡುಗಡೆಗೆ ಆತ ತಿಂಗಳುಗಟ್ಟಲೆ ಕಾಯುತ್ತಾನೆ. ಆ ಕಾಯುವಿಕೆಯೇ ಪರ್ಸೆಂಟೇಜ್ ವಸೂಲಿಯ ಹಿಡಿ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು ಕಾಮಗಾರಿ ಮೊತ್ತದ 40 ಪರ್ಸೆಂಟ್ ಕಮಿಷನ್ ಕೇಳುತ್ತಾರೆಂದು ಆರೋಪ ಮಾಡಿದ್ದು ನಿಮಗೆ ನೆನಪಿರಬಹುದು.

ಕಂಪನಿಗಳ ದೇಣಿಗೆ ಬಗ್ಗೆ. ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ಕ್ಕಿಂತ ಹೆಚ್ಚು ಕೊಡಕೂಡದು ಎಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಿದರು, ಚುನಾವಣಾ ಬಾಂಡ್ ತಂದು ಕೊಟ್ಟವರ ಹೆಸರನ್ನೂ ಮುಚ್ಚಿದರು. ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಎರಡನ್ನೂ ಅಸಾಂವಿಧಾನಿಕ ಎಂದಿತು. ಮಾರ್ಚ್‌ನಲ್ಲಿ ಹೊರಬಿದ್ದ ಬಾಂಡ್ ಕೊಂಡವರ ಪಟ್ಟಿಯಲ್ಲಿ ಸರ್ಕಾರಿ ಗುತ್ತಿಗೆ ಮಾಡುವ ಮೂಲಸೌಕರ್ಯ ಕಂಪನಿಗಳೂ ಇದ್ದವು. ದೇಣಿಗೆ ಕೊಟ್ಟ ಮಾತ್ರಕ್ಕೆ ಗುತ್ತಿಗೆ ಲಂಚವಾಗುವುದಿಲ್ಲ. ದೇಣಿಗೆಯ ದಿನಾಂಕ, ಟೆಂಡರ್ ಷರತ್ತು ಬದಲಾದ ದಿನಾಂಕ, ಗುತ್ತಿಗೆ ಸಿಕ್ಕ ದಿನಾಂಕ, ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನಿಮ್ಮೂರ ರಸ್ತೆಯಂಥ ಸಣ್ಣ ಕೆಲಸದ ದುಡ್ಡು ಬಾಂಡ್ ದಾರಿಯಲ್ಲಿ ಹೋಗಿರುವ ಸಂಭವ ಕಡಿಮೆ. ಅದು ನಗದಿನ ವ್ಯವಹಾರ.

ನೀವು ಮಾಡಬಹುದಾದದ್ದು ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. 'ಕಾಮಗಾರಿ ಏಕೆ ಕಳಪೆ?' ಎಂದು ಕೇಳಬೇಡಿ. ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಒಂದೇ ರಸ್ತೆಯ ಹೆಸರು ಬರೆದು ಅಂದಾಜು ಪಟ್ಟಿ, ಬಿಡ್‌ಗಳ ಹೋಲಿಕೆ ಪಟ್ಟಿ, ಎಂ.ಬಿ. ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ಬಿಲ್, ಇವುಗಳ ದೃಢೀಕೃತ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಇದೇ ಕಾಯ್ದೆಯ 2(ಜೆ) ಕಲಂ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಇದನ್ನು ಕೇಳುವವರೇ ವಿರಳ. ನೀವಾಗಿ ಡಾಂಬರು ಕಿತ್ತು ತರಬೇಡಿ, ಇಲಾಖೆಯವರ ಸಹಿ ಇಲ್ಲದ ತುಂಡಿಗೆ ಬೆಲೆಯಿಲ್ಲ, ಮೇಲಾಗಿ ರಸ್ತೆ ಕೆಡಿಸಿದ ದೂರು ನಿಮ್ಮ ಮೇಲೆಯೇ ಬಂದೀತು.

ದಾಖಲೆಗೂ ನೆಲಕ್ಕೂ ತಾಳೆಯಾಗದಿದ್ದರೆ ಪ್ರಮಾಣಪತ್ರ ಸಮೇತ ಲೋಕಾಯುಕ್ತಕ್ಕೆ ದೂರು ಕೊಡಿ. ಆರೋಪಕ್ಕೆ ಐದು ವರ್ಷದ ಕಾಲಮಿತಿ ಇದೆ. ಆದರೆ ಅದಕ್ಕೂ ಮುಂಚೆ ಗುತ್ತಿಗೆ ಕರಾರಿನಲ್ಲಿ ದೋಷ ನಿವಾರಣಾ ಅವಧಿ ಎಷ್ಟೆಂದು ನೋಡಿಕೊಳ್ಳಿ. ಆ ಅವಧಿಯೊಳಗೆ ಕಾರ್ಯಪಾಲಕ ಎಂಜಿನಿಯರಿಗೆ ಫೋಟೋ ಸಹಿತ ಬರೆದು ಸ್ವೀಕೃತಿ ಮೊಹರು ಹಾಕಿಸಿಕೊಂಡರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ರಿಪೇರಿ ಮಾಡಿಕೊಡಬೇಕು. ಅವಧಿ ಮುಗಿದ ಮರುದಿನ ಬರೆದರೆ ಅದೇ ಗುಂಡಿಗೆ ಹೊಸ ಟೆಂಡರ್.