ಸುಳ್ಳು ಯಾವುದೆಂದು ಮಂತ್ರಿ ಹೇಳಬೇಕೆ?

ಬೈಲಹೊಂಗಲದ ಓದುಗರೊಬ್ಬರ ಪತ್ರ: “ಮತದಾನದ ಹಿಂದಿನ ರಾತ್ರಿ ಅಭ್ಯರ್ಥಿಯೊಬ್ಬರು ಕಣದಿಂದ ಹಿಂದೆ ಸರಿದರೆಂದು ನಮ್ಮೂರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸುಳ್ಳು ಹಬ್ಬಿಸಿದರು. ಇಂಥವರನ್ನು 7 ವರ್ಷ ಒಳಗೆ ಹಾಕುವ ಕಾನೂನು ಬರಲಿ ಸಾಹೇಬರೇ. ವಾಕ್ ಸ್ವಾತಂತ್ರ್ಯ ಅಂತ ನೀವು ಇನ್ನೂ ಎಷ್ಟು ದಿನ ಬರೀತೀರಿ?”

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಸುಳ್ಳಿಗೆ ಕಾನೂನು ಆಗಲೇ ಇದೆ. ಎದುರಾಳಿ ಗೊತ್ತಿದ್ದೂ ಹೀಗೆ ಹಬ್ಬಿಸಿದ್ದು ಸಾಬೀತಾದರೆ 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಅದು ಭ್ರಷ್ಟ ಆಚರಣೆ. ಗೆದ್ದವನ ಆಯ್ಕೆಯೇ ರದ್ದಾಗಬಹುದು. ಅದನ್ನು ಬಳಸಿ, ನಾನು ಬೇಡ ಅನ್ನುವುದಿಲ್ಲ.

ನೀವು ಕೇಳುವ 7 ವರ್ಷ 2025ರಲ್ಲಿ ಸುಳ್ಳು ಸುದ್ದಿ ತಡೆಗೆಂದು ರಾಜ್ಯ ಸರ್ಕಾರ ಮಾಡಿದ ಕರಡು ಮಸೂದೆಯಲ್ಲಿತ್ತು. ಸುಳ್ಳನ್ನು ತಡೆಯಲು ಅದು ಹೇಳಿದ ಪ್ರಾಧಿಕಾರಕ್ಕೆ ಮಂತ್ರಿಯೇ ಅಧ್ಯಕ್ಷರು! ಚುನಾವಣೆಗೆ ನಿಲ್ಲುವವರ ಕೈಗೇ ತಕ್ಕಡಿ ಕೊಟ್ಟರೆ ತೂಕ ಸರಿ ಇದ್ದೀತೇ?

ಬೆಳಗಾವಿ ಸೀಮೆಯವರು ಇದನ್ನು ಮರೆಯಬಾರದು. 1916ರ ಮೇ 1ರಂದು ತಿಲಕರು ಬೆಳಗಾವಿಯಲ್ಲೇ ಸ್ವರಾಜ್ಯದ ಮಾತಾಡಿದರು. ಆ ಭಾಷಣಕ್ಕೆ ಅಹಮದ್‌ನಗರದ ಎರಡನ್ನು ಸೇರಿಸಿ ಸರ್ಕಾರ ರಾಜದ್ರೋಹ ಅಂದಿತು, ಒಂದು ವರ್ಷದ ಸನ್ನಡತೆಗೆ 20,000 ರೂಪಾಯಿಯ ಮುಚ್ಚಳಿಕೆ ಬರೆಸಿತು. ಜಿನ್ನಾ ವಾದಿಸಿದರು, ನವೆಂಬರಿನಲ್ಲಿ ಮುಂಬಯಿ ಹೈಕೋರ್ಟ್ ಆ ಆದೇಶವನ್ನು ಕಿತ್ತುಹಾಕಿತು.

ಅದು ಬ್ರಿಟಿಷರ ಕಾಲ ಅನ್ನಬೇಡಿ. 2012ರಲ್ಲಿ ಪಾಲ್ಘರಿನ ಹುಡುಗಿಯೊಬ್ಬಳು ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಳು, ಗೆಳತಿ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಹಿಡಿದರು. 2015ರಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್ ಬರಹಕ್ಕೆ ಇಂಥ ಕೇಸು ಹಾಕಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನೇ ರದ್ದು ಮಾಡಿತು. ಆಮೇಲೂ ಅದರಡಿ ಕೇಸು ಹಾಕುತ್ತಲೇ ಇದ್ದರು. 2021ರಲ್ಲಿ ಕೋರ್ಟೇ ಬೆಚ್ಚಿತು. ಸತ್ತ ಸೆಕ್ಷನ್ನೇ ಇಷ್ಟು ಕಾಡಿದರೆ ಜೀವಂತ ಕಾನೂನು ಯಾರನ್ನು ಹಿಡಿದೀತು? ಸುಳ್ಳು ಬರೆಸಿದ ಧಣಿಯನ್ನಲ್ಲ, ಫಾರ್ವರ್ಡ್ ಮಾಡಿದ ಕಿರಾಣಿ ಅಂಗಡಿಯ ಹುಡುಗನನ್ನು.

ನನ್ನ ನೋವು ಬೇರೆಯೇ ಇದೆ. ತಾಲ್ಲೂಕಿನ ಸುದ್ದಿಗೆ ಓಡಾಡುವ ವರದಿಗಾರರಿಗೆ ಸಂಬಳವಿಲ್ಲ, ಜಾಹೀರಾತು ತಂದರೆ ಕಮಿಷನ್ ಅಷ್ಟೇ. ಊರಿನ ವಾಚನಾಲಯಕ್ಕೆ ಬೀಗ. ರಾತ್ರಿ ಹತ್ತಕ್ಕೆ ಹುಟ್ಟಿದ ಸುಳ್ಳನ್ನು ಬೆಳಗಾಗುವುದರೊಳಗೆ ವಿಚಾರಿಸುವವರು ಯಾರು?

ನಾನು ಅಥಣಿ ಕಡೆ ವರದಿಗಾರನಾಗಿದ್ದಾಗ ಒಂದು ಹಳ್ಳಿಯಲ್ಲಿ ‘ಮತದಾನ ಮುಂದಕ್ಕೆ ಹೋಗಿದೆ’ ಎಂಬ ಕರಪತ್ರ ರಾತ್ರೋರಾತ್ರಿ ಮನೆಮನೆಯ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಬರೆಸಿದವರು ಸಿಗಲಿಲ್ಲ. ತಲಾಠಿ ನಸುಕಿನಲ್ಲೇ ಎದ್ದು ಹಲಗಿ ಬಡಿಸಿದರು: “ಮತದಾನ ಇವತ್ತ ಐತಿ, ಸಾಲಿಗೆ ಬರ್ರಿ!” ಎಂಟರ ಹೊತ್ತಿಗೆ ಸರತಿ ಶಾಲೆಯ ಗೇಟು ದಾಟಿ ಹನುಮಪ್ಪನ ಗುಡಿ ಕಟ್ಟೆ ಮುಟ್ಟಿತ್ತು.

ನಿಮ್ಮೂರಲ್ಲಿ ಆ ರಾತ್ರಿ ಚುನಾವಣಾಧಿಕಾರಿಗೆ ಯಾರಾದರೂ ಫೋನ್ ಮಾಡಿದರೇ? ಮಾಡಿದ್ದರೆ ಏನಾಯಿತೆಂದು ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ.